ಸಹಾಯ ಬೇಕು: 4294967297ಕ್ಕೆ 641 ಹೇಗೆ ಸಿಕ್ಕಿತು?

ಎಲ್ಲರಿಗೂ ನಮಸ್ಕಾರ, ಸೋಮವಾರಪೇಟೆಯಿಂದ ಬರೀತಿದ್ದೀನಿ. ಮಳೆಗೆ ಕಾಲೇಜಿಗೆ ರಜೆ, ಮಗಳ ಜೊತೆ ಕೂತು ಈ ಸಂಖ್ಯೆ ಹಿಡ್ಕೊಂಡಿದ್ದೀನಿ. 2ರ 32ನೇ ಘಾತಕ್ಕೆ 1 ಕೂಡಿಸಿದ್ರೆ ಬರೋದು ಇದೇ. ಗಣಿತಜ್ಞ ಫರ್ಮಾ ಇದನ್ನ ಅವಿಭಾಜ್ಯ ಅಂದ್ಕೊಂಡಿದ್ರು, 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641ರಿಂದ ಭಾಗ ಹೋಗುತ್ತೆ ಅಂತ ತೋರಿಸಿದ್ರು. ಕೈಯಲ್ಲೇ ಭಾಗಿಸಿ ನೋಡಿದ್ವಿ: 6700417, ಶೇಷ ಸೊನ್ನೆ. ತುಂಬಾ ಖುಷಿ ಆಯ್ತು!

ಇದರ ಯಾವ ಅವಿಭಾಜ್ಯ ಅಪವರ್ತನವನ್ನ 64ರಿಂದ ಭಾಗಿಸಿದ್ರೂ ಶೇಷ 1 ಬರುತ್ತಂತೆ. ಹಾಗಾಗಿ ಅಂಥ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದ್ರೆ ಸಾಕು: 193, 257, 449, 577 ನೋಡಿದ್ರೆ ಮುಂದಿನದು 641.

2ರ 64ನೇ ಘಾತವನ್ನ ಆ ಅಪವರ್ತನದಿಂದ ಭಾಗಿಸಿದ್ರೆ ಶೇಷ 1, ಅಲ್ಲಿವರೆಗೆ ಅರ್ಥ ಆಯ್ತು. ಫರ್ಮಾನ ಕಿರು ಪ್ರಮೇಯವೂ ಗೊತ್ತು (p ಬೆಸ ಅವಿಭಾಜ್ಯ ಆದ್ರೆ 2ರ (p−1)ನೇ ಘಾತವನ್ನ pಯಿಂದ ಭಾಗಿಸಿದಾಗ ಶೇಷ 1). ಇವೆರಡನ್ನ ಜೋಡಿಸೋದೇ ಬರ್ತಿಲ್ಲ. ಅಪವರ್ತನದಲ್ಲಿ 1 ಕಳೆದ್ರೆ ಉಳಿಯೋದು 64ರಿಂದ ಭಾಗ ಹೋಗಲೇಬೇಕು ಯಾಕೆ? ಪಿಯುಸಿ ಮಟ್ಟದಲ್ಲಿ ಯಾರಾದ್ರೂ ಬಿಡಿಸಿ ಹೇಳ್ತೀರಾ?