ಹೊಸ ಮಿರರ್‌ಲೆಸ್ ಕ್ಯಾಮೆರಾ: ಸೀರೆಯ ಎಡಗಡೆ ಚೌಕಳಿ ಕರಗುತ್ತಿದೆ, ವಾಪಸ್ ಮಾಡಲೇ?

ಬೆಟಗೇರಿ ಮಗ್ಗ:
ನಮಸ್ಕಾರ ರೀ. ನಮ್ಮಪ್ಪ ಮಗ್ಗ ನಡೆಸುತ್ತಾರೆ. ಸೀರೆ ಫೋಟೋ ತೆಗೆದು ಗಿರಾಕಿಗಳಿಗೆ ವಾಟ್ಸಾಪ್ ಮಾಡುವುದು ನನ್ನ ಕೆಲಸ. ಫೋನಿನಲ್ಲಿ ಕೆಂಪು ಸೀರೆ ಕಿತ್ತಳೆ ಕಂಡು ಎರಡು ಸೀರೆ ವಾಪಸ್ ಬಂದವು. ಅದಕ್ಕೇ 62,000 ಕೊಟ್ಟು, ಜತೆಗೇ ಬರುವ ಅಗ್ಗದ ಕಿಟ್ ಲೆನ್ಸ್ ಸಮೇತ ಮಿರರ್‌ಲೆಸ್ ಕ್ಯಾಮೆರಾ ಆನ್‌ಲೈನ್‌ನಲ್ಲಿ ತರಿಸಿದೆ. ಕಂಪನಿ ಹೆಸರು ಬೇಡ, ಸುಮ್ನೆ ಜಗಳ ಶುರುವಾಗುತ್ತದೆ.

ಚೌಕಳಿ ಇರುವ ಪಟ್ಟೇದಂಚಿನ ಸೀರೆಯೊಂದನ್ನು ಗೋಡೆಗೆ ಹರಡಿ ತೆಗೆದೆ. ಬಲಗಡೆ ಎಳೆ ಎಣಿಸಬಹುದು. ಎಡಗಡೆ ಎಣ್ಣೆ ಕೈ ಸವರಿದ ಹಾಗೆ. ಇನ್ನೆರಡು ಕಾಟವೂ ಇವೆ. ಎಲ್‌ಇಡಿ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತವೆ. ಬಟ್ಟೆಯ ಮೇಲೆ ಕಾಮನಬಿಲ್ಲಿನಂಥ ಅಲೆ ಏಳುತ್ತವೆ, ಅದೂ ಬಲಗಡೆ ಮಾತ್ರ.

ವಾಪಸ್ ಮಾಡಲು 7 ದಿನ ಟೈಮು, ಇವತ್ತು ನಾಲ್ಕನೆಯದು. ಅಪ್ಪ "ಮೊದಲು ನಿನ್ನ ಕೈ ನೋಡಿಕೋ" ಅನ್ನುತ್ತಾರೆ. ತಪ್ಪು ನನ್ನದಾ, ಕ್ಯಾಮೆರಾದ್ದಾ?

ಮದುವೆ ಫೋಟೋ ಹುಬ್ಬಳ್ಳಿ:
ತಂಗಿ, ಮೂರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಕಪ್ಪು ಪಟ್ಟಿ ದೋಷ ಅಲ್ಲ. ನೀವು ಸೈಲೆಂಟ್ ಶಟರ್, ಅಂದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್, ಹಾಕಿರಬೇಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಸಾಲು ಸಾಲಾಗಿ ಓದುವಾಗ ಒಂದು ಸಾಲು ಬೆಳಕಿಗೆ ಸಿಗುತ್ತದೆ, ಒಂದು ಮಂಕಿಗೆ. ಮೆಕ್ಯಾನಿಕಲ್ ಶಟರ್ ಹಾಕಿ, ವೇಗ 1/50 ಅಥವಾ 1/100 ಸೆಕೆಂಡ್ ಇಡಿ. ಮದುವೆ ಹಾಲ್‌ಗಳಲ್ಲಿ ನಮಗೆ ಇದು ದಿನದ ಗೋಳು.

ಅಲೆಗೆ ಮೊಯ್ರೆ ಅಂತಾರೆ. ಸೀರೆಯ ಸಣ್ಣ ಎಳೆಗೂ ಸೆನ್ಸರಿನ ಪಿಕ್ಸೆಲ್ ಸಾಲಿಗೂ ತಾಳ ತಪ್ಪಿದಾಗ ಏಳುತ್ತದೆ. ಒಂದು ಹೆಜ್ಜೆ ಹಿಂದೆ ಮುಂದೆ ಹೋದರೆ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಆದರೆ ಒಂದು ನೋಡಿ: ಎಳೆ ಚೂಪಾಗಿ ಬಿದ್ದ ಕಡೆ ಮಾತ್ರ ಅದು ಬರುವುದು. ಎಡಗಡೆ ಬಂದಿಲ್ಲ ಅಂದರೆ ಅಲ್ಲಿ ಲೆನ್ಸ್ ಎಳೆಯನ್ನು ಹಿಡಿಯುತ್ತಲೇ ಇಲ್ಲ.

ಖಾತ್ರಿ ಮಾಡಿಕೊಳ್ಳಿ. ಗೋಡೆಗೆ ಸಣ್ಣ ಕನ್ನಡಿ ಅಂಟಿಸಿ. ಅದರಲ್ಲಿ ನಿಮ್ಮ ಲೆನ್ಸ್ ಫ್ರೇಮಿನ ನಟ್ಟನಡುವೆ ಕಂಡರೆ ಕ್ಯಾಮೆರಾ ಗೋಡೆಗೆ ಸಮ ಇದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, 2 ಸೆಕೆಂಡ್ ಟೈಮರ್ ಇಟ್ಟು ಒಂದು ತೆಗೆಯಿರಿ. ಆಮೇಲೆ ಕ್ಯಾಮೆರಾ ತಲೆಕೆಳಗು ಮಾಡಿ, ಬಟ್ಟೆ ಗಂಟಿಗೆ ಒರಗಿಸಿ ಇನ್ನೊಂದು. ಮಬ್ಬು ಸೀರೆಯ ಅದೇ ತುದಿಯಲ್ಲೇ ಉಳಿದರೆ ತಪ್ಪು ನಿಮ್ಮದು. ಆಚೆ ತುದಿಗೆ ಹಾರಿದರೆ ಲೆನ್ಸಿನದು.

ಹಳೇ ಎಸ್‌ಎಲ್‌ಆರ್:
ಕಿಟ್ ಲೆನ್ಸ್ ಅಂದರೆ ಹೀಗೇ. ಅಪರ್ಚರ್ ಎಫ್ 8ಕ್ಕೆ ಕಿರಿದು ಮಾಡಿ, ತಲೆ ಕೆಡಿಸಿಕೊಳ್ಳಬೇಡಿ.

ಮದುವೆ ಫೋಟೋ ಹುಬ್ಬಳ್ಳಿ:
ಅಣ್ಣಾ, ಎರಡೂ ಕಡೆ ಮಬ್ಬಾದರೆ ಅಗ್ಗದ ಲೆನ್ಸು, ಒಪ್ಪಿದೆ. ಒಂದೇ ಕಡೆ ಆದರೆ ಒಳಗಿನ ಗಾಜು ಓರೆ ಕೂತಿದೆ. ಹೊಸದಕ್ಕೆ ದುಡ್ಡು ಕೊಟ್ಟು ಅದನ್ನ್ಯಾಕೆ ಸಹಿಸಬೇಕು?

ಸಪ್ತಾಪುರ ಓದುಗ:
ಅಕ್ಕಾ, ವಾರಂಟಿ ರಿಜಿಸ್ಟರ್ ಮಾಡಬೇಡಿ, ಡಬ್ಬಿ, ಬೆಲ್ಟು, ಕಾಗದ ಒಂದೂ ಬಿಸಾಡಬೇಡಿ. "ಸರ್ವಿಸ್ ಸೆಂಟರ್‌ಗೆ ಹೋಗಿ" ಅಂದರೆ ಒಪ್ಪಬೇಡಿ. ರಿಪೇರಿ ಅಂತ ಶುರುವಾದರೆ 7 ದಿನ ಅಲ್ಲೇ ಕಳೆದುಹೋಗುತ್ತದೆ. ದೋಷ ಇರುವ ಮಾಲನ್ನು ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನೀವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು.

ಬೆಟಗೇರಿ ಮಗ್ಗ:
ಮುಗೀತು ರೀ, ಹೇಳಿ ಹೋಗೋಣ ಅಂತ ಬಂದೆ. ತಲೆಕೆಳಗು ಮಾಡಿದ ಕೂಡಲೇ ಮಬ್ಬು ಸೆರಗಿನಿಂದ ಆಚೆ ತುದಿಗೆ ಹಾರಿತು! ಅಪ್ಪನಿಗೂ ತೋರಿಸಿದೆ. ಏನೂ ಅನ್ನಲಿಲ್ಲ, ಚಹಾ ಕುಡಿದು ಮಗ್ಗಕ್ಕೆ ಹೋದರು.

ಮಾರಿದವರು ಮೊದಲು "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ" ಅಂದರು. ಆಮೇಲೆ ಸರ್ವಿಸ್ ಸೆಂಟರ್ ವಿಳಾಸ ಕೊಟ್ಟರು. ಎರಡೂ ಫೋಟೋ ಪಕ್ಕಪಕ್ಕ ಇಟ್ಟು, 2020ರ ನಿಯಮ ಬರೆದು ಕಳಿಸಿದೆ. ಆರನೇ ದಿನ ಬದಲಿ ಕೊಡಲು ಒಪ್ಪಿದರು. ಒಯ್ಯಲು ಬಂದ ಹುಡುಗ ಕ್ಯಾಮೆರಾ ಕಡೆ ನೋಡಲೇ ಇಲ್ಲ, ಬೆಲ್ಟಿನ ಪ್ಯಾಕೆಟ್ ಯಾಕೆ ಹರಿದಿದೆ ಅಂತ ಕೇಳುತ್ತ ನಿಂತಿದ್ದ.

ಹೊಸದರಲ್ಲಿ ಅಲೆ ಎಡಗಡೆಯೂ ಏಳುತ್ತಿದೆ. ನೋಡಿ ಎಷ್ಟು ಖುಷಿಯಾಯಿತು! ಕೆಂಪು ಮಾತ್ರ ಇನ್ನೂ ಸ್ವಲ್ಪ ಕಿತ್ತಳೆಯೇ. ಅದನ್ನು ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ.