ಸೇತುವೆ ಟೋಲ್ ಕಟ್ಟದೆ ಪ್ರತಿಭಟನೆ ಮಾಡಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ: ನಮ್ಮೂರಿಂದ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ಹೆದ್ದಾರಿಯ ಹೊಸ ಸೇತುವೆ ಪಕ್ಕದಲ್ಲೇ ಟೋಲ್ ಗೇಟ್ ಬಂದಿದೆ. ಹಳೇ ಸೇತುವೆ ಮುಚ್ಚಿದ್ದಾರೆ. ಆಸ್ಪತ್ರೆ, ಸಂತೆ, ಕಾಲೇಜು ಎಲ್ಲಾ ಆಚೆ ದಡದಲ್ಲಿ. ಇನ್ಮೇಲೆ ಟೋಲ್ ಕಟ್ಟೋದೇ ಬೇಡ ಅಂತ ಊರವರು ಮಾತಾಡಿಕೊಳ್ಳುತ್ತಿದ್ದಾರೆ. ಹೀಗೆ ಮಾಡಿದವರಿಗೆ ಏನಾಯ್ತು? ಕೇಸು ಬೀಳುತ್ತಾ? ಏನಾದರೂ ಉಪಯೋಗ ಆಗುತ್ತಾ?

ಸುರತ್ಕಲ್ ಕಡೆಯಿಂದ:
ಸರ್, ನಮ್ಮದು ಸೇತುವೆ ಅಲ್ಲ, ಹೆದ್ದಾರಿ. ಆದರೆ ಸಂಕಟ ಒಂದೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ಹತ್ತಿರ ಒಂದು ಟೋಲ್ ಗೇಟ್ ಇತ್ತು. ಉಡುಪಿ ಕಡೆ ಸ್ವಲ್ಪ ದೂರ ಹೋದರೆ ಹೆಜಮಾಡಿಯಲ್ಲಿ ಇನ್ನೊಂದು. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದ ಪ್ರಕಾರ ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರ ಇರಬೇಕು. ಕೆಲವು ವಿನಾಯಿತಿಗಳಿವೆ, ಆದರೆ ನಮಗೆ ಬಲ ಕೊಟ್ಟದ್ದು ಈ ನಿಯಮವೇ. 'ದುಡ್ಡು ಜಾಸ್ತಿ, ಕೊಡೋದಿಲ್ಲ' ಅಂದರೆ ಯಾರೂ ಕೇಳುವುದಿಲ್ಲ. 'ಈ ಗೇಟೇ ನಿಯಮಕ್ಕೆ ವಿರುದ್ಧ' ಅಂದಾಗ ಅಧಿಕಾರಿಗಳು ಉತ್ತರ ಹುಡುಕಬೇಕಾಯಿತು. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿಯವರು 60 ಕಿ.ಮೀ. ಒಳಗಿನ ಹೆಚ್ಚುವರಿ ಟೋಲ್‌ಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಅಂತ ಲೋಕಸಭೆಯಲ್ಲೇ ಹೇಳಿದರು. ಆ ಮಾತನ್ನು ನಾವು ಪ್ರತಿ ಸಭೆಯಲ್ಲೂ ಎತ್ತಿ ಹೇಳಿದೆವು.

ಆದರೂ ಗೇಟ್ ತಾನಾಗಿ ಹೋಗಲಿಲ್ಲ. 2022ರ ಅಕ್ಟೋಬರ್ 18ಕ್ಕೆ ಮುತ್ತಿಗೆ ಹಾಕಿದೆವು. ಹಿಂದಿನ ದಿನಗಳಲ್ಲೇ ಹೋರಾಟ ಸಮಿತಿಯವರ ಮನೆಗೆ ಪೊಲೀಸ್ ನೋಟಿಸ್ ಬಂದಿತ್ತು. ಅವತ್ತು ತುಂಬಾ ಜನರನ್ನು ವಶಕ್ಕೆ ಪಡೆದರು, ಕೇಸೂ ಆಯ್ತು. ಆಮೇಲೆ ಗೇಟ್ ಪಕ್ಕದಲ್ಲೇ ಹಗಲು ರಾತ್ರಿ ಧರಣಿ. ಪಕ್ಷ ಬೇರೆ ಬೇರೆ ಇದ್ದವರೂ ಒಂದೇ ಚಾಪೆ ಮೇಲೆ ಕೂತರು. ಬಸ್ಸಿನವರು, ಟ್ಯಾಕ್ಸಿಯವರು, ಹೆಂಗಸರು ಬಂದರು. ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿನ ಶುಲ್ಕವನ್ನು ಹೆಜಮಾಡಿಯಲ್ಲಿ ಸೇರಿಸಿ ವಸೂಲಿ ಮಾಡಲು ಹೊರಟರು, ಅದಕ್ಕೂ ವಿರೋಧ ಮಾಡಬೇಕಾಯಿತು. ನಿಮ್ಮಲ್ಲೂ ಗೇಟ್ ತೆಗೆದರೆ ಆ ಹಣ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು. ಬೂತಿನಲ್ಲಿ ಕೂತವರು ನಮ್ಮ ನಿಮ್ಮ ಊರಿನ ಹುಡುಗ ಹುಡುಗಿಯರೇ. ಅವರ ಮೇಲೆ ಯಾರೂ ಕೈ ಎತ್ತದ ಹಾಗೆ ನೋಡಿಕೊಳ್ಳಿ. ಒಬ್ಬ ಗಲಾಟೆ ಮಾಡಿದರೂ ಇಡೀ ಹೋರಾಟದ ಮೇಲೆ ಕೇಸು ಗಟ್ಟಿಯಾಗುತ್ತದೆ.

ಲಾರಿ ಓಡಿಸುವವನು:
ಅಣ್ಣ, ಫಾಸ್ಟ್‌ಟ್ಯಾಗ್ ಬಂದ ಮೇಲೆ 'ಕಟ್ಟಲ್ಲ' ಅನ್ನೋದು ಮೊದಲಿನಷ್ಟು ಸುಲಭ ಇಲ್ಲ. ಲೇನಿಗೆ ಗಾಡಿ ಹೋದರೆ ತಾನಾಗಿ ಹಣ ಕಟ್ ಆಗುತ್ತೆ. ಟ್ಯಾಗ್ ಕಿತ್ತು ಹೋದರೆ ಇನ್ನೂ ಜಾಸ್ತಿ ಕೇಳುತ್ತಾರೆ. 2025ರ ನವೆಂಬರ್ 15ರಿಂದ ಯುಪಿಐ ಆದರೆ ಒಂದೂಕಾಲು ಪಟ್ಟು. ಒಬ್ಬೊಬ್ಬರೇ ಹೋಗಿ ಜಗಳ ಆಡಿದರೆ ಹಿಂದೆ ಇರೋ ಗಾಡಿಯವರೇ ನಿಮ್ಮನ್ನ ಬೈತಾರೆ. ಮಾಡಿದರೆ ಎಲ್ಲರೂ ಸೇರಿ, ದಿನ ಗೊತ್ತು ಮಾಡಿ ಮಾಡಿ. ಆಂಬುಲೆನ್ಸಿಗೆ ಒಂದು ಲೇನ್ ಬಿಟ್ಟಿರಿ.

ಸ್ಕಾಟ್‌ಲ್ಯಾಂಡ್‌ನಲ್ಲಿರುವ ಕನ್ನಡತಿ:
ಸೇತುವೆ ಟೋಲ್ ಕಟ್ಟದೇ ಗೆದ್ದವರು ಅಂದರೆ ಇಲ್ಲಿನ ಸ್ಕೈ ದ್ವೀಪದವರು. 1995ರ ಅಕ್ಟೋಬರ್‌ನಲ್ಲಿ ಸೇತುವೆ ತೆರೆದರು, ಅಲ್ಲಿದ್ದ ಫೆರ್ರಿಯನ್ನು ನಿಲ್ಲಿಸಿದರು. ವರ್ಷಪೂರ್ತಿ ಬೇರೆ ದಾರಿಯೇ ಇಲ್ಲ, ನಿಮ್ಮ ಹಳೇ ಸೇತುವೆ ಮುಚ್ಚಿದ ಹಾಗೆ. ಜನ ಮೊದಲಿಂದಲೇ ಕಟ್ಟಲು ನಿರಾಕರಿಸಿದರು. ಅಲ್ಲಿ ಅದು ಕ್ರಿಮಿನಲ್ ಅಪರಾಧ. ಸುಮಾರು 500 ಜನರ ಬಂಧನ ಆಯ್ತು, ಸುಮಾರು 130 ಜನರಿಗೆ ಶಿಕ್ಷೆ. ಕೇಸು ನಡೆಯುತ್ತಿದ್ದ ಡಿಂಗ್‌ವಾಲ್ ಕೋರ್ಟಿಗೆ ಹೋಗಲೂ ಅದೇ ಸೇತುವೆ ದಾಟಬೇಕು. 2004ರಲ್ಲಿ ಕಾರಿಗೆ ಹೋಗಿ ಬರಲು 11.40 ಪೌಂಡ್. ಆ ವರ್ಷ ಡಿಸೆಂಬರ್ 21ಕ್ಕೆ ಸರ್ಕಾರ ಸುಮಾರು 2.7 ಕೋಟಿ ಪೌಂಡ್ ಕೊಟ್ಟು ಸೇತುವೆ ಕೊಂಡು ಟೋಲ್ ರದ್ದು ಮಾಡಿತು. ಅಂದರೆ ಒಂಬತ್ತು ವರ್ಷ ಹಿಡಿಯಿತು. ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನ ಹುಡುಗರ ಹೆಸರಲ್ಲಿ ಕೇಸು ಬೀಳದ ಹಾಗೆ ದಯವಿಟ್ಟು ನೋಡಿಕೊಳ್ಳಿ.

ನೊಯ್ಡಾದಿಂದ:
ದೆಹಲಿಗೆ ಹೋಗಲು ಯಮುನೆ ದಾಟುವ ನಮ್ಮ ಡಿಎನ್‌ಡಿ ರಸ್ತೆಯಲ್ಲಿ ಟೋಲ್ ಹೋದದ್ದು ಕೋರ್ಟಿನಿಂದ. ನಿವಾಸಿಗಳ ಸಂಘಗಳ ಒಕ್ಕೂಟ 2012ರಲ್ಲಿ ಅರ್ಜಿ ಹಾಕಿತು. 2016ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ವಸೂಲಿ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೆಲಸಕ್ಕೆ ಬಂದದ್ದು ಒಪ್ಪಂದದ ಪ್ರತಿ. ಕಂಪನಿಗೆ ಕೊಟ್ಟಿದ್ದ ಲಾಭದ ಸೂತ್ರದಲ್ಲಿ ಅದಕ್ಕೆ ಬರಬೇಕಾದ ಬಾಕಿ ಬೆಳೆಯುತ್ತಲೇ ಹೋಗುತ್ತಿತ್ತು, ಹಾಗಾಗಿ ಟೋಲ್ ಮುಗಿಯುವ ಮಾತೇ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ನಿಮ್ಮ ಸೇತುವೆಯ ಒಪ್ಪಂದ, ಟೋಲ್ ಅಧಿಸೂಚನೆ, ಈವರೆಗಿನ ವಸೂಲಿ ಲೆಕ್ಕ ಕೇಳಿ.

ಮತ್ತೊಬ್ಬರು:
ಟೋಲ್ ಲೆಕ್ಕ ಹಾಕುವಾಗ ಹೆದ್ದಾರಿಯ ಸೇತುವೆ ಭಾಗದ ಉದ್ದವನ್ನು 10 ಪಟ್ಟು ಹಿಡಿಯುತ್ತಿದ್ದರು. 2025ರ ಜುಲೈನಲ್ಲಿ ನಿಯಮ ಬದಲಾಗಿದೆ. ಈಗ ಆ ಲೆಕ್ಕ ಒಂದು, ಸೇತುವೆಯೂ ರಸ್ತೆಯೂ ಸೇರಿದ ಇಡೀ ಹೆದ್ದಾರಿ ಭಾಗದ ಉದ್ದದ 5 ಪಟ್ಟು ಇನ್ನೊಂದು. ಎರಡರಲ್ಲಿ ಕಡಿಮೆ ಯಾವುದೋ ಅದು. ನಿಮ್ಮಲ್ಲಿ ಯಾವ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಬರವಣಿಗೆಯಲ್ಲಿ ಕೇಳಿ. ಗೇಟಿನಿಂದ 20 ಕಿ.ಮೀ. ಒಳಗಿನ ಸ್ವಂತ ಕಾರಿಗೆ ತಿಂಗಳ ಪಾಸ್ ಇದೆ, 2025-26ರಲ್ಲಿ 350 ರೂಪಾಯಿ ಇತ್ತು. ಹೋರಾಟ ನಡೆಯುವಷ್ಟು ದಿನ ಡಯಾಲಿಸಿಸ್‌ಗೆ ಓಡಾಡುವ ಮನೆಯವರಿಗಾದರೂ ಅದನ್ನು ಮಾಡಿಸಿಕೊಡಿ. ಪಾಸ್ ತಗೊಂಡರೆ ಟೋಲ್ ಒಪ್ಪಿಕೊಂಡ ಹಾಗೆ ಅಂತ ಯಾರೂ ಅವರನ್ನು ಅನ್ನಬಾರದು.