ಮಗ ಕಾಮಿಕ್ಸ್ ಬಿಟ್ಟು ಬೇರೆ ಓದಲ್ಲ, ಈಗ ಕಾಮಿಕ್ಸ್ ಬರೆಯೋರೇ ಸ್ಕೂಲಿಗೆ ಬರ್ತಿದಾರೆ. ನಿಮ್ಮ ಅನುಭವ ಹೇಳಿ

ಬಾಸ್ಟನ್ ಹತ್ರದ ಅಮ್ಮ ಕೇಳಿದ್ದು:
ಮಗ ಮೂರನೇ ಕ್ಲಾಸು. ಗ್ರಾಫಿಕ್ ನಾವೆಲ್, ಅಂದ್ರೆ ಕಾಮಿಕ್ಸ್ ಥರ ಚಿತ್ರದಲ್ಲೇ ಕತೆ ಹೇಳೋ ಪುಸ್ತಕ ಆದ್ರೆ ಊಟ ಬಿಟ್ಟು ಓದ್ತಾನೆ, ಬರೀ ಅಕ್ಷರ ಇರೋ ಪುಸ್ತಕ ಎರಡು ಪೇಜಿಗೆ ಮುಚ್ಚಿಡ್ತಾನೆ. ಮುಂದಿನ ತಿಂಗಳು ಮಕ್ಕಳ ಗ್ರಾಫಿಕ್ ನಾವೆಲ್ ಬರೆಯೋರೊಬ್ರು ಸ್ಕೂಲಿಗೆ ಬರ್ತಿದಾರೆ. ನಮ್ಮನೆಯವರು ಇದೆಲ್ಲ ಓದೇ ಅಲ್ಲ, ಇನ್ನೂ ಹುಚ್ಚು ಹತ್ತಿಸ್ಬೇಡ ಅಂತಾರೆ. ಇದ್ರಿಂದ ಯಾರಿಗಾದ್ರೂ ನಿಜವಾಗ್ಲೂ ಉಪಯೋಗ ಆಗಿದ್ಯಾ? ಅವನನ್ನ ಹೇಗೆ ರೆಡಿ ಮಾಡ್ಲಿ?

ತಿಪಟೂರಿನವಳು, ಈಗ ನ್ಯೂಜೆರ್ಸಿ:
ನಿಮ್ಮನೆಯವರಿಗೆ ಮೊದ್ಲು ನಿಮ್ಮ ಪಕ್ಕದ ವುಸ್ಟರ್ ಊರಿನ ಒಬ್ಬ ಅಜ್ಜನ ವಿಷಯ ಹೇಳಿ. ಜ್ಯಾರೆಟ್ ಕ್ರೊಜಾಸ್ಕಾ ಗೊತ್ತಲ್ವಾ, ಸ್ಕೂಲಲ್ಲಿ ಊಟ ಬಡಿಸೋ ಹೆಂಗಸು ಗುಟ್ಟಾಗಿ ಕೇಡಿಗಳನ್ನ ಹಿಡಿಯೋ 'ಲಂಚ್ ಲೇಡಿ' ಕಾಮಿಕ್ಸ್ ಬರೆದೋರು, ಮಗನ್ನ ಕೇಳಿ ಅವನಿಗೆ ಗೊತ್ತಿರುತ್ತೆ. ಅವರಮ್ಮ ಹೆರಾಯಿನ್ ಚಟಕ್ಕೆ ಬಿದ್ದು ಇವರನ್ನ ಸಾಕಿದ್ದು ಅಜ್ಜ ಅಜ್ಜಿ. ಮೂರನೇ ಕ್ಲಾಸಲ್ಲಿ, ಅಂದ್ರೆ ನಿಮ್ಮ ಮಗನ ವಯಸ್ಸಲ್ಲೇ, ಜ್ಯಾಕ್ ಗ್ಯಾಂಟೋಸ್ ಅನ್ನೋ ಲೇಖಕರು ಸ್ಕೂಲಿಗೆ ಬಂದ್ರು, ಈ ಹುಡುಗ ಅವರ ಪುಸ್ತಕದ ಬೆಕ್ಕನ್ನೇ ಬರೀತಾ ಕೂತಿದ್ದ, ಅವರು ನೋಡಿ "ನೈಸ್ ಕ್ಯಾಟ್" ಅಂದ್ರು ಅಷ್ಟೇ. ಆ ಎರಡು ಪದ ತನ್ನ ಬದುಕಲ್ಲಿ ಎಷ್ಟು ದೊಡ್ಡದಾಯ್ತು ಅಂತ ಟೆಡ್ ಅನ್ನೋ ವೇದಿಕೆಯ 2012ರ ಭಾಷಣದಲ್ಲಿ ಹೇಳ್ತಾರೆ ಕೇಳಿ. ಆಮೇಲೆ ಆರನೇ ಕ್ಲಾಸ್ ಹೊತ್ತಿಗೆ ಊರಿನ ಸ್ಕೂಲುಗಳಲ್ಲಿ ಕಲೆಗೆ ದುಡ್ಡು ನಿಲ್ಲಿಸಿ ಡ್ರಾಯಿಂಗ್ ಕ್ಲಾಸೇ ಇಲ್ದಂಗಾದಾಗ ಅಜ್ಜ ಅವರನ್ನ ವುಸ್ಟರ್ ಆರ್ಟ್ ಮ್ಯೂಸಿಯಂ ಕ್ಲಾಸಿಗೆ ಸೇರಿಸಿದ್ರು. ಲೇಖಕರು ಒಂದಿನ ಬಂದು ಹೋಗ್ತಾರೆ, ಮರುದಿನದಿಂದ ಮನೆಯವರದ್ದೇ ಕೆಲಸ. 2018ರಲ್ಲಿ ಇದನ್ನೇ 'ಹೇ, ಕಿಡ್ಡೋ' ಅಂತ ಗ್ರಾಫಿಕ್ ನಾವೆಲ್ ಮಾಡಿದಾರೆ, ಅದು ದೊಡ್ಡ ಮಕ್ಕಳಿಗೆ, ನಿಮ್ಮವನಿಗೆ ಈಗ್ಲೇ ಬೇಡ, ನೀವಿಬ್ರೂ ಓದಿ.

ನಮ್ಮನೇಲಿ ಆಗಿದ್ದು ಹೇಳ್ತೀನಿ. ಮಗಳ ಸ್ಕೂಲಿಗೂ ಹೀಗೇ ಒಬ್ಬ ಕಲಾವಿದೆ ಬಂದಿದ್ರು. ಅವರ ಪುಸ್ತಕದ ಆರ್ಡರ್ ಫಾರ್ಮ್ ಮಗಳ ಬ್ಯಾಗಿನ ತಳದಲ್ಲೇ ಉಳಿದು ನಾನು ನೋಡ್ಲೇ ಇಲ್ಲ, ಎಲ್ರೂ ಹೊಸ ಪುಸ್ತಕ ಹಿಡ್ಕೊಂಡು ಸಹಿಗೆ ನಿಂತಿದ್ರೆ ಇವಳ ಕೈಲಿ ತಾನೇ ಬರೆದಿದ್ದ ಪುಟಾಣಿ ಕಾಮಿಕ್ಸ್ ಮಾತ್ರ. ಬಂದಿದ್ದ ಕಲಾವಿದೆ ಅದನ್ನ ಕೊನೇ ಪೇಜ್ ತನಕ ಓದಿ, ಈ ನಾಯಿ ಆಮೇಲೆ ಎಲ್ಲಿ ಹೋಯ್ತು ಅಂತ ಕೇಳಿದ್ರಂತೆ. ಅವತ್ತು ರಾತ್ರಿ ಮಲಗೋಕೆ ಮುಂಚೆ ಎರಡನೇ ಭಾಗ ಶುರು! ಈಗ ತಿಪಟೂರಿನ ಅಜ್ಜಿ ವಿಡಿಯೋ ಕಾಲಲ್ಲಿ ಕತೆ ಹೇಳ್ತಾರೆ, ಇವಳು ಬರೀತಾಳೆ. ಅಜ್ಜಿ ಇಂಗ್ಲಿಷ್ ಮಾತಾಡಲ್ವಲ್ಲ ಅಂತ ಅಜ್ಜಿ ಮಾತೆಲ್ಲ ಕನ್ನಡದಲ್ಲೇ ಹಾಕ್ಬೇಕಂತೆ, ವರ್ಷಗಟ್ಲೆ ನಾನು ಹೇಳಿಕೊಟ್ರೂ ಬರ್ದೇ ಇದ್ದ ಒತ್ತಕ್ಷರ ಹಂಗೇ ಬಂತು.

ಇನ್ನೊಂದು, ಅವನ ಪಕ್ಕ ಕೂತು ಓದಿ. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಏನಾಯ್ತು ಅಂತ ಕೇಳಿ, ಅಲ್ಲಿ ಬರೆದಿರಲ್ಲ, ಅವನೇ ಊಹಿಸ್ಬೇಕು. ನಿಮ್ಮನೆಯವರು ಒಂದ್ಸಲ ಕೇಳಿಸ್ಕೊಂಡ್ರೆ ಇದು ಓದಲ್ಲ ಅನ್ನಲ್ಲ.

ಧಾರವಾಡ ಕಡೆ ಟೀಚರ್:
ನಮ್ಮದು ಸರ್ಕಾರಿ ಸಾಲಿ ರೀ. ಒಬ್ರು ವ್ಯಂಗ್ಯಚಿತ್ರಕಾರರನ್ನ ಕರಸಿದ್ವಿ. ಮೊದಲ ಸಲ ಹಾರ, ಸ್ವಾಗತಗೀತೆ, ಭಾಷಣ ಮುಗಿಯೂದ್ರಾಗ ಮಕ್ಕಳಿಗೆ ಹತ್ತು ನಿಮಿಷ ಉಳೀತು, ನನಗ ಬಾಳ ಕೆಟ್ಟ ಅನಸ್ತು. ಮರುವರ್ಷ ಸ್ಟೇಜೇ ಬ್ಯಾಡಂತ ಕ್ಲಾಸಿನ್ಯಾಗ ಕೂಡಿಸಿದ್ವಿ. ಒಂದೊಂದು ಹುಡುಗ ಬೋರ್ಡ್ ಮ್ಯಾಲೆ ಸೊಟ್ಟ ಗೆರಿ ಎಳೆಯೂದು, ಅವರು ಅದನ್ನ ಕೋಳಿ, ಕಂಡಕ್ಟರ್ ಮಾಡೂದು, ಮಕ್ಕಳು ಕತಿ ಮುಂದ ಒಯ್ಯೂದು. ವರ್ಷಿಡೀ ಬಾಯಿ ಬಿಡದ ಹುಡುಗ ಅವತ್ತ ಕಂಡಕ್ಟರ್‌ಗ ಮಾತು ಹೇಳಿಕೊಟ್ಟ. ಆವಾಗಿಂದ ನಮ್ಮ ಗ್ವಾಡಿ ಪತ್ರಿಕೆಗೆ ಚಿತ್ರಕತಿ ಅವಂದ. ನಿಮ್ಮ ಮಗಗ ಪ್ರಶ್ನೆ ಬಾಯಿಪಾಠ ಮಾಡಸಬ್ಯಾಡ್ರಿ, ಪುಸ್ತಕದಾಗ ಅವಗ ತಿಳೀದ ಒಂದು ಚಿತ್ರ ತೋರ್ಸಿ ಕೇಳ್ಲಿ.

ಕಾರ್ಕಳದವ:
ಬಂದು ಹೋದ ಮೇಲೆ ಒಂದು ಕಾಗದ ಬರೆಸಿ ಮಾರಾಯ್ರೆ. ನಮ್ಮೂರಲ್ಲೇ 1929ರಲ್ಲಿ ಹುಟ್ಟಿದ ಅನಂತ ಪೈ 1980ರಲ್ಲಿ 'ಟಿಂಕಲ್' ಅಂತ ಮಕ್ಕಳ ಕಾಮಿಕ್ಸ್ ಪತ್ರಿಕೆ ಶುರು ಮಾಡಿದ್ದು, ದೇಶದ ಮಕ್ಕಳೆಲ್ಲ ಅಂಕಲ್ ಪೈ ಅಂತ ಅವರಿಗೆ ಕಾಗದ ಬರೀತಿದ್ರು. ನಾನೂ ಬರ್ದಿದ್ದೆ. ಟಿಂಕಲ್‌ನಿಂದ ಬಂದ ಉತ್ತರದ ಕಾರ್ಡ್ ಈಗ್ಲೂ ಉಂಟು.

ಬಾಸ್ಟನ್ ಹತ್ರದ ಅಮ್ಮ:
ತುಂಬಾ ಥ್ಯಾಂಕ್ಸ್, ಟೆಡ್ ಭಾಷಣ ಇವರಿಗೂ ಹಾಕಿ ತೋರಿಸ್ದೆ, ಸುಮ್ನೆ ಪೂರ್ತಿ ನೋಡಿದ್ರು. ತಿಪಟೂರಿನವರೇ, ಆ ಪುಟಾಣಿ ಪುಸ್ತಕ ಮಾಡೋದು ಹೇಗೆ?

ತಿಪಟೂರಿನವಳು:
ಒಂದೇ ಹಾಳೆ ಸಾಕು. ಉದ್ದಕ್ಕೆ ಒಂದ್ಸಲ ಮಡಚಿ ಬಿಚ್ಚಿ, ಆಮೇಲೆ ಅಡ್ಡಕ್ಕೆ ಎರಡು ಸಲ ಮಡಚಿ ಬಿಚ್ಚಿದ್ರೆ ಎಂಟು ಚೌಕ ಬರುತ್ತೆ. ಈಗ ಅಡ್ಡಕ್ಕೆ ಒಂದೇ ಸಲ ಮಡಚಿ, ಮಡಿಕೆ ಇರೋ ಕಡೆಯಿಂದ ನಡುಗೆರೆ ಮೇಲೆ ಅರ್ಧದ ತನಕ ಮಾತ್ರ ಕತ್ತರಿಸಿ. ಬಿಚ್ಚಿ ಮತ್ತೆ ಉದ್ದಕ್ಕೆ ಮಡಚಿ ಎರಡು ತುದಿ ಒಳಕ್ಕೆ ತಳ್ಳಿದ್ರೆ ಎಂಟು ಪೇಜ್ ಪುಸ್ತಕ. ಮೊದ್ಲು ಪೆನ್ಸಿಲಲ್ಲಿ ಪೇಜ್ ನಂಬರ್ ಹಾಕ್ಸಿ, ಇಲ್ಲಾಂದ್ರೆ ಹಾಳೆ ಬಿಚ್ಚಿದಾಗ ಅರ್ಧ ಪೇಜ್ ತಲೆಕೆಳಗಾಗಿ ಇರುತ್ತೆ, ಪಾಪ ಅಳ್ತಾನೆ.